ಒಳಗಿನಿಂದ ಹಿಡಿಯುವುದು

ಎಲ್ಗೊಯ್ಬಾರಿನ ನಮ್ಮ ಷೆಡ್ಡಿನ ಹಿಂದೆ ದೇಬಾ ಹೊಳೆ.
ಮೊದಲು ಎಣ್ಣೆಯ ಬಣ್ಣಕ್ಕೆ ಹರಿಯುತ್ತಿತ್ತಂತೆ.
ಈಗ ತಿಳಿಯಾಗಿದೆ, ಮೀನೂ ಬಂದಿವೆಯಂತೆ.
ನೋಡಲು ನನಗೆ ಪುರುಸೊತ್ತಿಲ್ಲ.

ಒಂದಾರೊವಾದ ದೋಣಿಗಳ ರಾಟೆಗೆ
ಕಂಚಿನ ಬಳೆ ಅರವತ್ತು, ಗುರುವಾರದೊಳಗೆ.
ಗೋಡೆಯ ದಪ್ಪ ನಾಲ್ಕೇ ಮಿಲಿಮೀಟರು,
ಸುತ್ತಲೂ ಆರು ಎಣ್ಣೆಗಂಡಿ.
ತಿರುಗುಮೇಜು ಅರವತ್ತು ಡಿಗ್ರಿಗೊಮ್ಮೆ ನಿಂತು,
ಮತ್ತೆ ತಿರುಗಿ, ಮತ್ತೆ ನಿಂತು,
ಮುನ್ನೂರ ಅರವತ್ತಕ್ಕೆ ಬಂದು
ಏನೂ ನಡೆದೇ ಇಲ್ಲವೆಂಬಂತೆ ಸೊನ್ನೆ ಎನ್ನುತ್ತದೆ.
ತಿರುಗಿಸುವುದು ಅದರ ಪಾಡು.
ಹಿಡಿಯುವುದು ನನ್ನ ಪಾಡು.

ಮೊದಲು ಮೂರು ದವಡೆಯ ಚಕ್ಕು.
ನಾನು ಹುಟ್ಟುವ ಮೊದಲಿಂದ
ಕೊಟ್ಟದ್ದನ್ನೆಲ್ಲ ಕಚ್ಚಿದ ಬಾಯಿ; ಪಟ್ಟೆಂದರೆ ಪಟ್ಟು.
ಕಚ್ಚಿತು. ಕೊರೆದೆ. ಡಯಲ್ಲಿನ ಮುಳ್ಳು
ಒಳಗೋಡೆಯನ್ನು ಒಂದು ಸುತ್ತು ಸವರಿ ಬಂದರೂ
ರೆಪ್ಪೆಯಷ್ಟೂ ಮಿಸುಕಲಿಲ್ಲ.
ಖುಷಿಗೆ ಸಿಳ್ಳೆ ಹಾಕಿದ್ದೆನೋ ಏನೋ.

ಕೀಲಿ ತಿರುವಿ ಬಿಟ್ಟೆ.
ಮತ್ತೆ ಅಳೆದರೆ, ಅದೇ ಮುಳ್ಳು
ಮೂರು ಸಲ ಎದ್ದಿತು, ಮೂರು ಸಲ ಕೂತಿತು.

ಹಿಡಿದಿರುವಷ್ಟು ಹೊತ್ತು ಗುಂಡಗಿತ್ತು.

ದುರಾಂಗೊದಿಂದ ಬಂದ ಐಂಗೆರು
ಹೊಳೆಯುವ ಹಾಳೆಗಳನ್ನು ಮೇಜಿನ ಮೇಲೆ ಹರಡಿದ.
ಇದು ನೋಡಿ, ಹೆಸರು ಗೋರಿಕಲ್ಲು,
ನಾಲ್ಕು ಮುಖ, ಮುಖಕ್ಕೆ ಮೂರು, ಒಟ್ಟಿಗೆ ಹನ್ನೆರಡು!
ಗೋರಿಗೆ ಬೆನ್ನು ಕೊಟ್ಟು ನಿಂತ ಬಳೆಯ
ಬೆನ್ನಿನ ಗಂಡಿ ಕೊರೆಯುವವರು ಯಾರಪ್ಪ?
ಹಾಗಾದರೆ ಇದು: ತುಂಡಿಗೇ ಒಂದು ಬಾಲ ಬಿಟ್ಟು,
ಬಾಲ ಹಿಡಿದು ಕೆಲಸ ಮುಗಿಸಿ, ಆಮೇಲೆ ಬಾಲ ಕತ್ತರಿಸಿ.
ಎರಕದವರು ಅಳತೆಗೆ ಸರಿಯಾಗಿ ಕಳಿಸಿದ್ದಾರೆ,
ಬಾಲಕ್ಕೆ ಕಂಚು ನಿಮ್ಮ ಮನೆಯಿಂದ ತರುತ್ತೀರಾ?
ಅವನು ನಕ್ಕ. ಪಾಪ, ಒಳ್ಳೆಯ ಹುಡುಗ.
ಕಾಫಿ ಕುಡಿದು ಹೋದ.

ಮಂಗಳವಾರ ಕೊಲ್ಡೊಬಿಕ ಬಂದ.
ನಿವೃತ್ತಿಯಾಗಿ ಒಂಬತ್ತು ವರ್ಷ, ಆದರೂ
ಮಂಗಳವಾರ ಅವನ ಸೈಕಲ್ಲು ನಮ್ಮ ಗೋಡೆಗೇ ಒರಗುವುದು.
ಕಿವಿಯ ಯಂತ್ರವನ್ನು ತೆಗೆದು ಜೇಬಿಗಿಟ್ಟ;
ಇಲ್ಲಿ ಅವನಿಗೆ ಅದು ಬೇಡ.
ಬಳೆಯನ್ನು ಎರಡು ಬೆರಳಲ್ಲಿ ಹಿಸುಕಿ, ಬಿಟ್ಟು,
ಹಿಸುಕಿ, ಬಿಟ್ಟು,
ನನ್ನನ್ನು ನೋಡದೆ ಕೆಳಗಿನ ಡ್ರಾಯರು ಎಳೆದ.

ಮೇಣದ ಕಾಗದದೊಳಗೆ ಉಬ್ಬುವ ಮ್ಯಾಂಡ್ರೆಲ್ಲು.
ದೊಡ್ಡ ಕಾರ್ಖಾನೆ ಮುಚ್ಚಿದ ವರ್ಷ
ಯಾವುದೋ ಕೆಲಸಕ್ಕೆಂದು ಮಾಡಿದ್ದಂತೆ;
ಆ ಕೆಲಸ ಬರಲೇ ಇಲ್ಲ.

ಒಳಗಿಂದ ಹಿಡಿ, ಗರ್ಬಿನ್ಯೆ.
ಮೊದಲು ಮೆತ್ತನೆ ದವಡೆ ಮಾಡಿಕೋ, ಅಗಲಕ್ಕೆ,
ಬಳೆಯ ಮೈಯಳತೆಗೇ ಕೊರೆದು; ಸುತ್ತ ತಬ್ಬಬೇಕು, ಚುಚ್ಚಬಾರದು.
ತೂತು ಅಲ್ಲಿ ಮುಗಿಸು. ಗಂಡಿಗಳಿಗೆ ಇದು.
ಆ ತುದಿಗೆ ಟೈಲ್‌ಸ್ಟಾಕು. ಆಸರೆ ಸಾಕು, ನೂಕಬೇಡ.

ಎರಡೆರಡು ಸಲ ಕಟ್ಟಿ ಬಿಚ್ಚಲು ಹೊತ್ತೆಲ್ಲಿದೆ ಎಂದೆ.
ಕೇಳಿಸಲಿಲ್ಲ ಅವನಿಗೆ.
ಸಿಗರೇಟು ಕಾಗದದ ಚೂರೊಂದನ್ನು
ಬಳೆಗೂ ಮ್ಯಾಂಡ್ರೆಲ್ಲಿಗೂ ನಡುವೆ ತೂರಿಸಿ
ನಟ್ಟನ್ನು ಕೂದಲೆಳೆಯಷ್ಟೇ ತಿರುಗಿಸುತ್ತ,
ಕಾಗದ ಎಳೆಯುತ್ತ, ಮತ್ತೆ ತಿರುಗಿಸುತ್ತ,
ಕಾಗದ ಬರುವುದಿಲ್ಲವೆಂದಾಗ ಕೈ ತೆಗೆದ.

ಕಟ್ಟರಿನ ಕುತ್ತಿಗೆಗೂ ಟೈಲ್‌ಸ್ಟಾಕಿಗೂ ಒಂಬತ್ತು ಮಿಲಿಮೀಟರು.
ಮೂರು ಸಲ ಅಳೆದೆ.
ಫಲಕದ ಅಂಚಿನಲ್ಲಿ ಒಂದು ಹಳೆಯ ಗಾಯವಿದೆ,
ಯಾರದೆಂದು ಯಾರೂ ಕೇಳುವುದಿಲ್ಲ. ನನ್ನದೇ.

ಸಂಜೆ ಮೊದಲ ಬಳೆ ಬಿಚ್ಚಿದೆ.
ಮುಳ್ಳು ಸುತ್ತಿ ಬಂತು, ಒಂದು ಗೆರೆಯೂ ಪೂರ್ತಿ ದಾಟದೆ.
ಕೊಲ್ಡೊಬಿಕನಿಗೆ ತೋರಿಸಲು ತಿರುಗಿದರೆ
ಅವನು ಆಗಲೇ ಸೈಕಲ್ಲಿನ ಬಳಿ,
ಆ ಮೂರು ಮೂಲೆಯ ಬಳೆಯನ್ನು ಹಿಡಿಕೆಗೆ ಸಿಕ್ಕಿಸಿಕೊಂಡು.
ಅಡುಗೆಮನೆ ಕಿಟಕಿ ಗಾಳಿಗೆ ಬಡಿಯುತ್ತದಂತೆ, ಸಂದಿಗೆ ಬೇಕಂತೆ.
ಹಿಸುಕಿದ್ದಕ್ಕೆ ಬಗ್ಗಿತು, ಅದರದೇನು ತಪ್ಪು, ಎಂದ.

ರಾತ್ರಿ ಪಾಳಿಯ ಉನಾಕ್ಸ್‌ಗೆ ಚೀಟಿ ಬರೆದು ಬಾಗಿಲಿಗೆ ಅಂಟಿಸಿದೆ:
ನಟ್ಟು ಹನ್ನೆರಡಕ್ಕೆ ಬಿಗಿ, ಹದಿನೆಂಟಕ್ಕಲ್ಲ.
ಪ್ರತಿ ಸಲ ಚೂರುಪಾರು ಒರೆಸು, ಊದಬೇಡ.
ಮೇಜನ್ನು ಒಂದೇ ದಿಕ್ಕಿನಿಂದ ಸೊನ್ನೆಗೆ ತಾ.
ಮನೆಯಲ್ಲಿ ಜಗಳವಾಗಿದ್ದರೆ
ಕೋಟಿನ ಜೊತೆ ಅದನ್ನೂ ಮೊಳೆಗೆ ನೇತುಹಾಕಿ ಬಾ.
ಹೋಗುವಾಗ ಬೇಕಾದರೆ ತೆಗೆದುಕೊ.